‘ಏನಿಲ್ಲ ಬಿಡವಾ’

ಕಾಶ್ಮೀರದ ಸರೋವರಗಳ ಟ್ರೆಕ್ಕಿಂಗ್ ಬಗ್ಗೆ ಮಾತಾಡು, ಫೋಟೋ ತೋರಿಸು ಎಂದು ವೇದಿಕೆಯ ಅಕ್ಕಂದಿರು ಹೇಳಿದ್ದರು. ಫೋಟೋಗಳನ್ನು ನೀವೆಲ್ಲ ವಾಟ್ಸಾಪ್‌ನಲ್ಲಿ ನೋಡಿ ಆಗಿದೆ. ಹಾಗಾಗಿ ಫೋಟೋದಲ್ಲಿ ಕಾಣದ್ದನ್ನು ಹೇಳುತ್ತೇನೆ.

ಸೋನಾಮಾರ್ಗ್ ಹತ್ತಿರ ಹತ್ತಲು ಶುರುಮಾಡಿ ನಾರಾನಾಗ್‌ನಲ್ಲಿ ಇಳಿಯುವ ದಾರಿ ಇದು. ಸುಮಾರು 70 ಕಿಲೋಮೀಟರ್, ಆರೇಳು ದಿನ. ಜುಲೈಯಿಂದ ಸೆಪ್ಟೆಂಬರ್ ಇದರ ಕಾಲ. ಇಲ್ಲಿ ಪುಣೆಯಲ್ಲಿ ಕೊಡೆ ಮಡಚಲಾಗದ ದಿನಗಳಲ್ಲಿ ಅಲ್ಲಿ ಮಳೆ ಕಡಿಮೆ, ಏಕೆಂದರೆ ಪೀರ್ ಪಂಜಾಲ್ ಸಾಲು ಮುಂಗಾರಿನ ಬಹುಪಾಲನ್ನು ಆಚೆಗೇ ತಡೆಯುತ್ತದೆ. ಹಿಮನದಿಗಳು ಕೊರೆದ ಬಟ್ಟಲುಗಳಲ್ಲಿ ನಿಂತ ನೀರೇ ಈ ಸರೋವರಗಳು: ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್, ನಂದ್‌ಕೋಲ್. ಕಿಶನ್‌ಸರ್ ನೀರು ವಿಶನ್‌ಸರ್‌ಗೆ ಇಳಿಯುತ್ತದೆ, ಅಲ್ಲಿಂದ ಕಿಶನ್‌ಗಂಗಾ ಹೊರಡುತ್ತದೆ. ನೀರಿನಲ್ಲಿ ಟ್ರೌಟ್ ಮೀನುಗಳಿವೆ, ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟ ಜಾತಿ. ಹಿಡಿಯಲು ಪರ್ಮಿಟ್ ಬೇಕು. ಹರಮುಖ ಪರ್ವತದ ಬುಡದ ಗಂಗಾಬಲ್ ಕಾಶ್ಮೀರಿ ಪಂಡಿತರಿಗೆ ಅಸ್ಥಿ ವಿಸರ್ಜನೆಯ ಕ್ಷೇತ್ರ, ನಮಗೆ ಶ್ರೀರಂಗಪಟ್ಟಣದ ಸಂಗಮ ಇದ್ದ ಹಾಗೆ. ದಂಡೆಯಲ್ಲಿ ಕುಣಿದು ರೀಲ್ ಮಾಡುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಈಗ ಎತ್ತರದ ಮಾತು. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಈ ದಾರಿ ಶುರುವಾಗುವುದೇ 2,700ರ ಆಸುಪಾಸಿನಲ್ಲಿ, ಮೊದಲ ರಾತ್ರಿಯ ನಿಚ್ನಾಯ್ ಬಿಡಾರ 3,500ರ ಹತ್ತಿರ, ಗಡ್‌ಸರ್ ಕಣಿವೆದಾರಿಯ ನೆತ್ತಿ ಸುಮಾರು 4,200. ಅಷ್ಟು ಮೇಲೆ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇಕಡಾ 60ರಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎನ್ನುವುದು ವೈದ್ಯರ ಸಾಮಾನ್ಯ ಸಲಹೆ. ಇಲ್ಲಿ ಮೊದಲ ದಿನವೇ ಎಂಟುನೂರರಷ್ಟು ಏರುತ್ತೇವೆ. ಆದ್ದರಿಂದ ಸೋನಾಮಾರ್ಗ್‌ನಲ್ಲಿ ಒಂದು ದಿನ ಹೆಚ್ಚಿಗೆ ನಿಲ್ಲಿ. ರಜೆ ಸಿಗುವುದಿಲ್ಲ ಎನ್ನುವವರು ಬೇರೆ ಟ್ರೆಕ್ ನೋಡಿಕೊಳ್ಳುವುದು ವಾಸಿ.

ನಾವು ಮೊದಲ ಸಲ ಹೋದಾಗ ಗುಂಪಿನಲ್ಲಿ ಹುಬ್ಬಳ್ಳಿ ಕಡೆಯ ಅಕ್ಕ ಒಬ್ಬರಿದ್ದರು, ವಯಸ್ಸು ಐವತ್ತೆರಡು. ನಡಿಗೆಯಲ್ಲಿ ನಮಗಿಂತ ಗಟ್ಟಿ. ನಿಚ್ನಾಯ್‌ನಲ್ಲಿ ರಾತ್ರಿ ಊಟ ಬೇಡವೆಂದರು. ಕೇಳಿದರೆ, “ಏನಿಲ್ಲ ಬಿಡವಾ, ಜರಾ ತಲಿ ನೋಯಾಕತ್ತೈತಿ.” ಬೆಳಿಗ್ಗೆ ಎರಡು ಸಲ ವಾಂತಿ. ಆಗಲೂ ಅದೇ ಮಾತು: “ಏನಿಲ್ಲ, ನಡೀರಿ, ನನ್ನ ಸಲುವಾಗಿ ನಿಮಗ್ಯಾಕ ತ್ರಾಸು?”

ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ಆ ಮಾತಿನ ಮೇಲೆ. ನಮ್ಮ ಅಮ್ಮಂದಿರೂ ಅತ್ತೆಯರೂ ಜ್ವರ ಇಟ್ಟುಕೊಂಡೇ ಒಲೆ ಮುಂದೆ ನಿಂತು ಆಡಿದ ಮಾತು ಅದೇ. ಬೆಟ್ಟದ ಮೇಲೆ ಅದು ಜೀವಕ್ಕೆ ಕುತ್ತು. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಬಂದರೆ ಅದು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು, ಮೇಲಕ್ಕೆ ಒಂದು ಹೆಜ್ಜೆಯೂ ಇಡಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಅಥವಾ ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗದೆ ತೂರಾಡುವುದು ಕಂಡರೆ, ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು, ಮಿದುಳು ಊದುತ್ತಿರಬಹುದು. ಆಗ ರಾತ್ರಿಯಾದರೂ ಸರಿ, ಕೂಡಲೇ ಇಳಿಸಬೇಕು. ಡೈಮಾಕ್ಸ್ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ನೋವಿನ ಮಾತ್ರೆ ನುಂಗಿ ಹತ್ತುವುದು, ಸರ್ವರ್ ಬಿಸಿಯಾಗುತ್ತಿದ್ದರೆ ಅಲರ್ಟ್ ಬಂದ್ ಮಾಡಿದ ಹಾಗೆ.

ಗೈಡ್ ಅವರನ್ನು ಇಳಿಸಲು ನಿರ್ಧರಿಸಿದ. ನಾನೂ ಜೊತೆಗಿಳಿದೆ. ಸಂಜೆಗೆ ಸೋನಾಮಾರ್ಗ್‌ನಲ್ಲಿ ಅಕ್ಕ ಎರಡು ರೊಟ್ಟಿ, ದಾಲ್ ತಿಂದರು, ತಲೆನೋವು ಹೋಗಿತ್ತು. ಆ ವರ್ಷ ನಾನು ಕಂಡ ಸರೋವರಗಳು ಸೊನ್ನೆ! ಮರುವರ್ಷ ಇಬ್ಬರೂ ಹೋದೆವು, ಎರಡು ದಿನ ಕೆಳಗೆ ನಿಂತು, ನಿಧಾನವಾಗಿ. ಈ ಸಲ ಅವರು ಗಂಟೆಗೊಮ್ಮೆ ತಾವಾಗಿಯೇ ವರದಿ ಒಪ್ಪಿಸುತ್ತಿದ್ದರು: “ತಲಿ ಬರೋಬ್ಬರಿ ಐತಿ, ಹಸಿವಿ ಐತಿ.” ಗಡ್‌ಸರ್ ನೆತ್ತಿಯಿಂದ ನೀಲಿ ನೀರು, ಇಳಿಜಾರಿನ ಹೂವು, ಬಕರ್‌ವಾಲರ ಕುರಿಮಂದೆ ನೋಡುತ್ತಾ ಬಹಳ ಹೊತ್ತು ಏನೂ ಮಾತಾಡಲಿಲ್ಲ. ನನಗೆ ಗಾಬರಿಯಾಗಿ ಕೇಳಿದೆ. “ಸುಮ್ನಿರವಾ, ನೋಡಾಕತ್ತೇನಿ” ಅಂದರು.

ಸಭೆಯಲ್ಲಿ ಕೇಳಲು ಸಂಕೋಚಪಟ್ಟು ಆಮೇಲೆ ಫೋನ್ ಮಾಡುವ ಪ್ರಶ್ನೆಗೆ ಇಲ್ಲೇ ಉತ್ತರಿಸುತ್ತೇನೆ. ಮುಟ್ಟಿನ ದಿನಗಳಲ್ಲೂ ನಡೆಯಬಹುದು. ಬಳಸಿದ ಪ್ಯಾಡ್ ಹೂಳಬೇಡಿ, ಗಟ್ಟಿ ಜಿಪ್ ಚೀಲದಲ್ಲಿ ಹಾಕಿ ಕೆಳಗೆ ತನ್ನಿ. ಕಪ್ ಬಳಸುವವರು ಮನೆಯಲ್ಲಿ ಎರಡು ಮೂರು ತಿಂಗಳು ರೂಢಿ ಮಾಡಿಕೊಂಡಿರಿ. ಶೌಚಕ್ಕೆ ಏಳಬೇಕಾಗುತ್ತದೆಂದು ನೀರು ಕುಡಿಯದೆ ಇರಬೇಡಿ. ಸರೋವರದಲ್ಲಿ ಸೋಪು ಬೇಡವೇ ಬೇಡ, ಕುರಿಗಾಹಿಗಳು ಅದೇ ನೀರು ಕುಡಿಯುತ್ತಾರೆ. ದಾರಿಯಲ್ಲಿ ಸೈನ್ಯದ ತಪಾಸಣೆ ಇರುತ್ತದೆ, ಗುರುತಿನ ಚೀಟಿಯ ಮೂಲಪ್ರತಿ ಇಟ್ಟುಕೊಳ್ಳಿ. ಆ ವರ್ಷ ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಟಿಕೆಟ್ ಮಾಡಿ.

ಅಭ್ಯಾಸಕ್ಕೆ ನಮಗೆ ಸಿಂಹಗಡ ಇದೆ. ಮೂರು ತಿಂಗಳು, ಪ್ರತಿ ಭಾನುವಾರ, ಬೆನ್ನಿಗೆ ಐದು ಕಿಲೋ ಚೀಲ. ಈ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ, ಬರುವವರು ಹೆಸರು ಕೊಡಿ. ಪಿಠಲಾ-ಭಾಕರಿ ಮೇಲೆ ಹತ್ತಿದವರಿಗೆ ಮಾತ್ರ.