ಹಬ್ಬಕ್ಕೆ ಮುಂಚಿನ ಹಬ್ಬ
(ಶತಮಾನೋತ್ಸವದ ಕುಟುಂಬ ದಿನದಂದು ವಿಚಾರಣಾ ಗುರುಗಳು ಮಾಡಿದ ಭಾಷಣ)



ಕ್ರಿಸ್ತಜಯಂತಿಯನ್ನು ದಿನಕ್ಕೆ ಮುಂಚೆ ಆಚರಿಸಬಹುದೇ ಎಂದು ಕೆಲವರು ಕೇಳುವುದುಂಟು. ಇಂದು ಅನೇಕ ಮನೆಗಳಲ್ಲಿ ಇದು ಬರಿಯ ಪ್ರಶ್ನೆಯಲ್ಲ. ಮಗ ಪರದೇಶದಲ್ಲಿ, ಮಗಳು ಆಸ್ಪತ್ರೆಯ ರಾತ್ರಿಪಾಳಿಯಲ್ಲಿ. ತಾಯಿತಂದೆಯರ ಮನೆಯಲ್ಲಿ ಕಜ್ಜಾಯವುಂಟು, ತಿನ್ನುವವರಿಲ್ಲ.

ಪ್ರಭು ಹುಟ್ಟಿದ ದಿನಾಂಕವನ್ನು ಶುಭಸಂದೇಶಕಾರರು ಬರೆದಿಡಲಿಲ್ಲ. ರೋಮಾಪುರಿಯಲ್ಲಿ ಡಿಸೆಂಬರ್ 25ರಂದು ಈ ಹಬ್ಬ ನಡೆಯುತ್ತಿತ್ತೆಂಬುದಕ್ಕೆ ಕ್ರಿ.ಶ. 336ರ ಕಾಲದ ದಾಖಲೆಯಿದೆ. ಆದರೂ ಪೂಜಾವರ್ಷವು ಇಡೀ ಧರ್ಮಸಭೆಯ ಸೊತ್ತು. ನಮ್ಮಿಚ್ಛೆಯಂತೆ ಅದನ್ನು ಬದಲಿಸಲಾಗದು. ಕುಟುಂಬ ಒಂದುಗೂಡುವ ದಿನಕ್ಕೆ ಮಾತ್ರ ಅಂಥ ಕಟ್ಟಿಲ್ಲ.

ಕಳೆದ ನವೆಂಬರಿನಲ್ಲಿ ನಮ್ಮ ಧರ್ಮಕೇಂದ್ರದ ಒಂದು ಮನೆಯವರು ಹೀಗೆ ಮುಂಚಿತವಾಗಿ ಕೂಡಿದರು. ದಾದಿಯಾದ ಮಗಳು ಆಗಮನಕಾಲಕ್ಕೆ ಮೊದಲೇ ಕೊಲ್ಲಿ ರಾಷ್ಟ್ರಕ್ಕೆ ಹೊರಡಬೇಕಾಗಿತ್ತು. ಊಟವಾದ ಮೇಲೆ ಗೋದಲಿಗೆ ಪಾಚಿ, ತೊಗಟೆ ಆರಿಸಲು ಎಲ್ಲರೂ ಹೆಸರಘಟ್ಟದ ಕೆರೆಯ ಕಡೆಯ ತೋಪಿಗೆ ಹೊರಟರು, ನನ್ನನ್ನೂ ಕರೆದೊಯ್ದರು. ಹಿಂಗಾರು ಮಳೆ ಆಗಷ್ಟೇ ನಿಂತಿತ್ತು. ಒಣ ಬೊಡ್ಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗಟ್ಟಿ ಅಣಬೆಗಳು, ಕೊಳೆತ ಎಲೆಗಳ ನಡುವೆ ಬಿಳಿಯ ನಾಯಿಕೊಡೆಗಳು.

“ಅಜ್ಜೀ, ಸಾರಿಗೆ ಆಗುತ್ತಾ?” ಎಂದ ಮೊಮ್ಮಗ.

“ಬೇಡ ಮಗು, ಗುರುತಿಲ್ಲದ್ದನ್ನು ಒಲೆಗೆ ತರಬಾರದು.”

ಅಜ್ಜಿಯ ಮಾತು ನೂರಕ್ಕೆ ನೂರು ನಿಜ. ಬೆಳ್ಳಿ, ಅರಿಶಿನ ಹಾಕಿ ನೋಡುವ ಪರೀಕ್ಷೆಗಳು ನಂಬತಕ್ಕವಲ್ಲ. ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗದು. ತಿನ್ನಲು ಬೆಳೆಸಿದ ಚಿಪ್ಪಣಬೆಯುಂಟು. 1967ರಲ್ಲಿ ಸ್ಥಾಪನೆಯಾದ ಇಲ್ಲಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಕೃಷಿಯ ಕೆಲಸವೂ ನಡೆಯುತ್ತದೆ.

ಮನೆಗೆ ಬಂದು ಗೋದಲಿ ಕಟ್ಟಿದಾಗ ಮಾತು ಬೆಳೆಯಿತು. ಬಾಲಯೇಸುವನ್ನು ಈಗಲೇ ಇಡೋಣವೆಂದಳು ಮಗಳು. ಇನ್ನೆಷ್ಟು ವರ್ಷಕ್ಕೆ ಈ ಭಾಗ್ಯವೋ ಎಂದು ಕಣ್ಣೀರಿಟ್ಟಳು. ಹಬ್ಬದ ರಾತ್ರಿಗೆ ಮೊದಲು ಕೂಡದೆಂದರು ತಾಯಿ. ಇಬ್ಬರೂ ನನ್ನತ್ತ ನೋಡಿದರು. 1223ರಲ್ಲಿ ಗ್ರೆಚ್ಚೋ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿ, ಎತ್ತು, ಕತ್ತೆಗಳನ್ನಿರಿಸಿ ಬಲಿಪೂಜೆ ಏರ್ಪಡಿಸಿದ್ದನ್ನು ಹೇಳಿದೆ. ಬರಿಯ ಹುಲ್ಲಿನ ಮುಂದೆಯೂ ಪ್ರಾರ್ಥಿಸಬಹುದಲ್ಲವೇ? ಎಲ್ಲರೂ ಜಪಸರ ಹೇಳಿದೆವು. ಮಗಳು ಬಾಲಯೇಸುವಿನ ಪ್ರತಿಮೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, “ಆ ರಾತ್ರಿ ನನ್ನ ಹೆಸರಿನಲ್ಲಿ ನೀನೇ ಇಡಮ್ಮ” ಎಂದು ತಾಯಿಯ ಕೈಗಿತ್ತಳು.

ಪ್ರಿಯರೇ, ಕಣ್ಣಿಗೆ ಕಾಣುವ ಅಣಬೆ ಫಲಮಾತ್ರ. ಅದರ ಒಡಲು ಮಣ್ಣಿನಲ್ಲಿ, ಮರದೊಳಗೆ ಹಬ್ಬಿದ ಸೂಕ್ಷ್ಮ ಎಳೆಗಳು. ಹುತ್ತದ ಅಣಬೆಯನ್ನೇ ನೋಡಿ: ಗೆದ್ದಲುಗಳು ಕತ್ತಲಲ್ಲಿ ಆ ಎಳೆಗಳನ್ನು ಸಾಕುತ್ತವೆ, ಮಳೆ ಬಿದ್ದ ಮೇಲೆ ಕೊಡೆ ಮೇಲೇಳುತ್ತದೆ. ನಮ್ಮ ಶತಮಾನೋತ್ಸವದ ದೀಪ, ತೋರಣ, ಮೆರವಣಿಗೆಗಳೂ ಫಲವೇ. ನೂರು ವರ್ಷ ಇದನ್ನು ಪೋಷಿಸಿದ ಎಳೆಗಳು ಮನೆಮನೆಯ ಸಂಜೆಯ ಪ್ರಾರ್ಥನೆಗಳು.

ಆದುದರಿಂದ ಮಕ್ಕಳು ಬಂದ ದಿನ ಸಂತೋಷದಿಂದ ಕೂಡಿರಿ, ಆಗಮನಕಾಲದಲ್ಲಿ ಕಾಯಿರಿ, ಇಪ್ಪತ್ತೈದರಂದು ಒಂಟಿಯಾಗಿರುವ ನೆರೆಯ ಹಿರಿಯರನ್ನು ನಿಮ್ಮ ಊಟಕ್ಕೆ ಕರೆಯಿರಿ. ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.