ಎಂಟು ಸಾವಿರದ ಬಜೆಟ್

ಇವತ್ತು ಬಜೆಟ್ ಬಗ್ಗೆ ಮಾತಾಡೋಣ. ಗಾಬರಿಯಾಗಬೇಡಿ, ನಿರ್ಮಲಾ ಸೀತಾರಾಮನ್ ಅವರ ಬಜೆಟ್ ಅಲ್ಲ, ಸಿದ್ದರಾಮಯ್ಯನವರದ್ದೂ ಅಲ್ಲ. 2024ರ ಫೆಬ್ರವರಿಯಲ್ಲಿ ಆ ಎರಡನ್ನೂ ಇದೇ ಕುರ್ಚಿಯಲ್ಲಿ ಕೂತು ನಿಮಗೆ ವಿವರಿಸಿದ್ದೇನೆ. ಒಂದು 47.66 ಲಕ್ಷ ಕೋಟಿ, ಇನ್ನೊಂದು 3.71 ಲಕ್ಷ ಕೋಟಿ. ಇವತ್ತಿನದು ಎಂಟು ಸಾವಿರ ರೂಪಾಯಿಯ ಬಜೆಟ್.

2024ರ ಚುನಾವಣೆ ಹೊತ್ತಿಗೆ ನಮ್ಮ ಕಾರ್ಯಕ್ರಮಕ್ಕೆ ಚಿತ್ರದುರ್ಗದಿಂದ ಒಬ್ಬರು ಫೋನ್ ಮಾಡಿದ್ರು. ಆಟೋ ಓಡಿಸ್ತಾರೆ. ಚರ್ಚೆಯ ವಿಷಯ ಇದ್ದದ್ದು ಚುನಾವಣೆ. ಅವರು ಹೇಳಿದ್ದು ಇಷ್ಟು: "ಸಾರ್, ಏಪ್ರಿಲ್ 26ಕ್ಕೆ ನಾವು ಓಟು ಹಾಕಿ ಆಯ್ತು. ರಿಸಲ್ಟ್ ಜೂನ್ 4ಕ್ಕೆ. ಅಲ್ಲೀತನಕ ನೀವು ಏನು ಮಾತಾಡಿದ್ರೂ ಪೆಟ್ಟಿಗೆ ಒಳಗಿರೋದು ಬದಲಾಗಲ್ಲ. ನನ್ನದೊಂದು ಲೆಕ್ಕ ಇದೆ, ನೀವು ಎಂಜಿನಿಯರ್ ಅಂತಾರೆ, ಬಿಡಿಸಿ ಕೊಡಿ."

ಪ್ಯಾನೆಲ್‌ನಲ್ಲಿದ್ದ ಮೂರು ಪಕ್ಷದ ವಕ್ತಾರರೂ ನಕ್ಕರು. ಆ ರಾತ್ರಿ ಅವರು ಮೂವರೂ ಒಟ್ಟಿಗೆ ಮಾಡಿದ್ದು ಅದೊಂದೇ ಕೆಲಸ.

ಲೆಕ್ಕ ಏನು ಅಂದ್ರೆ, ಮಗಳು ಏಳನೇ ಕ್ಲಾಸು ಪಾಸಾದ್ರೆ ಬಿಡದಿ ಹತ್ತಿರದ ವಂಡರ್‌ಲಾಗೆ ಕರ್ಕೊಂಡು ಹೋಗ್ತೀನಿ ಅಂತ ಇವರು ಮಾತು ಕೊಟ್ಟಿದ್ದಾರೆ. ಅದು ಶುರುವಾಗಿದ್ದು 2005ರಲ್ಲಿ. ಆ ಹುಡುಗಿ ಹುಟ್ಟೋದಕ್ಕೂ ಮುಂಚೆ. ಮಗಳು ಪಾಸಾದ್ಲು. ಚೀಟಿ ದುಡ್ಡಿನಲ್ಲಿ ಎಂಟು ಸಾವಿರ ಎತ್ತಿಟ್ಟಿದ್ದಾರೆ. ಮನೆಯಲ್ಲಿ ಐದು ಜನ. ಅವರು, ಹೆಂಡತಿ, ಮಗಳು, ಎಂಟು ವರ್ಷದ ಮಗ, ಮತ್ತೆ ಅವರ ತಾಯಿ. "ಅಮ್ಮನ್ನ ಬಿಟ್ಟು ಹೋಗ್ತೀವಿ ಸಾರ್, ಅವರಿಗೆ ತಲೆ ಸುತ್ತುತ್ತೆ" ಅಂದ್ರು.

ಆ ಕೊನೇ ಮಾತಿಗೆ ಆಮೇಲೆ ಬರ್ತೀನಿ.

ಆ ಕ್ಲಿಪ್ ಮರುದಿನ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡಿತು. ಜನ ಏನೆಂದರು ಗೊತ್ತಾ? ಆಟೋ ಓಡಿಸೋನಿಗೆ ಇದೆಲ್ಲ ಯಾಕೆ, ಊರಲ್ಲೇ ಕಲ್ಲಿನ ಕೋಟೆ ಇದೆ, ತೋರಿಸಲಿ, ಖರ್ಚೂ ಕಮ್ಮಿ, ಇತಿಹಾಸವೂ ಗೊತ್ತಾಗುತ್ತೆ. ನಮ್ಮ ಕಚೇರಿಯಲ್ಲೇ ಒಬ್ಬರು ಹೀಗಂದ್ರು. ಅವರು ಹೋದ ವರ್ಷ ಮಕ್ಕಳನ್ನ ಸಿಂಗಾಪುರಕ್ಕೆ ಕರ್ಕೊಂಡು ಹೋಗಿದ್ದವರು. ಸ್ವಾಮಿ, ಆ ಹುಡುಗಿ ಕೇಳಿದ್ದು ಕೋಟೆ ಅಲ್ಲ. ಕೋಟೆ ಅವಳ ಮನೆ ಹಿತ್ತಲಲ್ಲೇ ಇದೆ, ಓಬವ್ವನ ಕಿಂಡಿ ಅವಳಿಗೆ ಬಾಯಿಪಾಠ. ಅವಳು ಕೇಳಿದ್ದು ನೀರಿನಲ್ಲಿ ಜಾರೋದು. ಬಡವರ ಮಕ್ಕಳು ಖುಷಿಪಡಬೇಕಾದ್ರೆ ಜೊತೆಗೆ ಒಂದು ಪಾಠವೂ ಕಲೀಬೇಕು ಅನ್ನೋ ಈ ನಿಯಮ ಯಾರು ಮಾಡಿದ್ದು?

ಸರಿ, ಲೆಕ್ಕಕ್ಕೆ ಬನ್ನಿ.

ಮೊದಲು ದಾರಿ ಖರ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದೆ. ಹೆಂಡತಿ, ಮಗಳು, ತಾಯಿ, ಮೂರೂ ಜನಕ್ಕೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ಮರೀಬಾರದು, ರಾಜಹಂಸ ಹತ್ತಬಾರದು, ಸಾದಾ ಕೆಂಪು ಬಸ್ಸೇ ಹತ್ತಬೇಕು. ಅವರದೊಂದು ಪೂರ್ತಿ, ಮಗನದೊಂದು ಅರ್ಧ ಟಿಕೆಟ್. ಬೆಳಗ್ಗೆ ಐದಕ್ಕೆ ದುರ್ಗ ಬಿಟ್ಟರೆ ಒಂಬತ್ತು, ಒಂಬತ್ತೂವರೆಗೆ ಮೆಜೆಸ್ಟಿಕ್. ಅಲ್ಲಿಂದ ಮೆಟ್ರೋದಲ್ಲಿ ಚಲ್ಲಘಟ್ಟದವರೆಗೂ ಹೋಗಬಹುದು, 2023ರ ಅಕ್ಟೋಬರ್‌ನಿಂದ ಓಡ್ತಿದೆ. ಮಕ್ಕಳಿಗೆ ಮೆಟ್ರೋ ನೋಡೋ ಆಸೆ ಇದ್ರೆ ಹೋಗಿ. ಆದರೆ ಮೆಟ್ರೋದಲ್ಲಿ ಶಕ್ತಿ ನಡೆಯಲ್ಲ. ಬಿಡದಿ ಕಡೆ ಹೋಗೋ ಸಾದಾ ಬಸ್ಸಿನಲ್ಲಿ ನಡೆಯುತ್ತೆ. ರಾತ್ರಿ ಬಸ್ಸಿಗೇ ವಾಪಸ್, ಲಾಡ್ಜ್ ಬೇಡ. ಆಟೋ ಗೀಟೋ ಸೇರಿ ದಾರಿಗೆ 900 ಅಂತ ಬರ್ಕೊಂಡೆ.

ಇನ್ನು ಟಿಕೆಟ್. ದರ ಸೀಸನ್ ನೋಡ್ಕೊಂಡು ಏರುತ್ತೆ, ಇಳಿಯುತ್ತೆ. ಲೆಕ್ಕಕ್ಕೆ ಸುಲಭವಾಗಲಿ ಅಂತ ದೊಡ್ಡವರಿಗೆ 1,300, ಮಕ್ಕಳಿಗೆ 1,000 ಅಂತ ಇಟ್ಕೊಳ್ಳೋಣ. 60 ದಾಟಿದವರಿಗೆ ಹಲವು ಕಡೆ ರಿಯಾಯಿತಿ ಇರುತ್ತೆ, ಅದನ್ನೂ 1,000 ಅನ್ನೋಣ. ಐದು ಜನಕ್ಕೆ 5,600. ಅಮ್ಮನ್ನ ಬಿಟ್ಟರೆ 4,600.

ಇಲ್ಲೊಂದು ವಿಷಯ ಹೇಳಲೇಬೇಕು. ಈ ಟಿಕೆಟ್ ಒಳಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ. ಮೊದಲು 28 ಇತ್ತು. ಉಯ್ಯಾಲೆಗೆ, ಜಾರುಬಂಡೆಗೆ 28 ಪರ್ಸೆಂಟ್! 2018ರ ಜನವರಿಯಲ್ಲಿ ಜಿಎಸ್‌ಟಿ ಕೌನ್ಸಿಲ್ ಅದನ್ನ 18ಕ್ಕೆ ಇಳಿಸಿತು. ನಾನು ಕ್ಯಾಲ್ಕ್ಯುಲೇಟರ್ ಒತ್ತಿದೆ. 5,600ರಲ್ಲಿ ತೆರಿಗೆ ಸುಮಾರು 850 ರೂಪಾಯಿ. ಹೆಚ್ಚುಕಮ್ಮಿ ಅಮ್ಮನ ಟಿಕೆಟ್ಟು.

ಮಕ್ಕಳ ಟಿಕೆಟ್ ವಯಸ್ಸು ನೋಡಿ ಕೊಡ್ತಾರೆ ಅಂದ್ಕೊಂಡಿದ್ರೆ ತಪ್ಪು. ಅನೇಕ ಪಾರ್ಕ್‌ಗಳಲ್ಲಿ ಅದು ಎತ್ತರದ ಲೆಕ್ಕ. ಟಿಕೆಟ್ ಕೌಂಟರ್ ಪಕ್ಕ ಗೋಡೆಗೆ ಗೆರೆ ಹಾಕಿರ್ತಾರೆ. ಅಲ್ಲಿ ಸುಮ್ಮನೆ ಹತ್ತು ನಿಮಿಷ ನಿಂತು ನೋಡಿ. ಅಪ್ಪಂದಿರು ಮಕ್ಕಳ ಕಿವಿಯಲ್ಲಿ "ಮಂಡಿ ಬಗ್ಗಿಸೋ" ಅಂತಿರ್ತಾರೆ. ಒಳಗೆ ಹೋಗಿ ದೊಡ್ಡ ರೈಡ್ ಹತ್ತಿರ ಇನ್ನೊಂದು ಗೆರೆ, ಅದಕ್ಕಿಂತ ಕುಳ್ಳಗಿದ್ರೆ ಹತ್ತಿಸಲ್ಲ. ಅಲ್ಲಿ ಅದೇ ಅಪ್ಪ "ಹಿಮ್ಮಡಿ ಎತ್ತೋ" ಅಂತಾನೆ. ಮೊದಲನೇದು ದುಡ್ಡಿನ ವಿಷಯ, ಹೇಗೋ ಹಾಳಾಗಲಿ. ಎರಡನೇದು ಮಾತ್ರ ಬೇಡ. ಎದೆಗೆ ಅಡ್ಡ ಬರೋ ಆ ಕಂಬಿ ಒಂದು ಅಳತೆಯ ಮೈಗೆ ಅಂತಲೇ ಮಾಡಿರೋದು. ಚಿಕ್ಕ ಮೈ ಅದರ ಕೆಳಗಿಂದ ಜಾರುತ್ತೆ. ಮೆಕ್ಯಾನಿಕಲ್ ಓದಿದವನು ಹೇಳ್ತಿದ್ದೀನಿ, ಆ ಗೆರೆ ಜೊತೆ ಆಟ ಬೇಡ.

ಓದಿದ್ದು ಇನ್ನೊಂದಕ್ಕೂ ಉಪಯೋಗಕ್ಕೆ ಬಂತು. ಟಿಕೆಟ್ ದುಬಾರಿನಾ ಅಗ್ಗನಾ ಅನ್ನೋದು ಟಿಕೆಟ್ ಮೇಲೆ ಬರೆದಿರಲ್ಲ, ಅದು ಸಾಲಿನಲ್ಲಿ ತೀರ್ಮಾನ ಆಗುತ್ತೆ. ಒಂದು ರೋಲರ್ ಕೋಸ್ಟರ್‌ನಲ್ಲಿ 24 ಸೀಟು, ಮೂರು ನಿಮಿಷಕ್ಕೊಂದು ಸಲ ಬಿಡ್ತಾರೆ ಅಂದ್ಕೊಳ್ಳಿ. ನಿಮಿಷಕ್ಕೆ ಎಂಟು ಜನ. ನಿಮ್ಮ ಮುಂದೆ 240 ತಲೆ ಇದ್ರೆ ಅರ್ಧ ಗಂಟೆ. ತಲೆ ಎಣಿಸಿ, ವಾಚ್ ನೋಡಿ, ಭಾಗಿಸಿ. ಸಾಲಿನಲ್ಲಿ ನಿಲ್ಲಬೇಕಾ, ಆಮೇಲೆ ಬರಬೇಕಾ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಭಾನುವಾರ ದಿನಕ್ಕೆ ಐದು ರೈಡ್ ಸಿಕ್ಕರೆ ಒಂದೊಂದಕ್ಕೆ 260 ರೂಪಾಯಿ ಬಿತ್ತು. ಮಂಗಳವಾರ ಹದಿಮೂರು ಸಿಕ್ಕರೆ ನೂರೇ ರೂಪಾಯಿ. ನಮ್ಮ ಜಾತ್ರೆ ಜೈಂಟ್ ವ್ಹೀಲ್‌ನ ಸಮಕ್ಕೆ ಬಂತು. ಬಾಗಿಲು ತೆಗೆದ ಮೊದಲ ಗಂಟೆ ಎಲ್ಲರೂ ಮೊದಲು ಕಂಡ ರೈಡ್‌ಗೇ ಮುಗಿಬೀಳ್ತಾರೆ. ನೀವು ಸೀದಾ ಹಿಂದಕ್ಕೆ ನಡೀರಿ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ದೊಡ್ಡ ರೈಡ್‌ಗೆ ಹೋಗಿ. ಹೊಟ್ಟೆ ಖಾಲಿ ಇದ್ದರೂ ಒಳ್ಳೇದೇ.

ಹೆಚ್ಚು ದುಡ್ಡು ಕೊಟ್ಟರೆ ಸಾಲು ತಪ್ಪಿಸೋ ಟಿಕೆಟ್ಟೂ ದೊಡ್ಡ ಪಾರ್ಕ್‌ಗಳಲ್ಲಿ ಇದೆ. ದೇವಸ್ಥಾನದ ವಿಶೇಷ ದರ್ಶನದ ಹಾಗೆ. ಆ ಸಾಲಿನಿಂದ ಹತ್ತು ಜನ ಒಳಗೆ ಹೋದಾಗ ಈ ಸಾಲಿನ ಹತ್ತು ಜನ ಮುಂದಿನ ಸರದಿಗೆ ಬೀಳ್ತಾರೆ. ಕಾನೂನಿನಲ್ಲಿ ತಪ್ಪೇನಿಲ್ಲ. ಆದರೆ ಬಿಸಿಲಲ್ಲಿ ನಿಂತ ಎಂಟು ವರ್ಷದ ಮಗು "ಅವರ್ಯಾಕಪ್ಪ ಮುಂಚೆ ಹೋದ್ರು?" ಅಂತ ಕೇಳಿದಾಗ ಏನು ಹೇಳ್ತೀರಿ? ನನಗಂತೂ ಉತ್ತರ ಹೊಳೆದಿಲ್ಲ.

ಊಟ. ಹೊರಗಿನ ತಿಂಡಿ ಸಾಮಾನ್ಯವಾಗಿ ಒಳಗೆ ಬಿಡಲ್ಲ. ಸಿನಿಮಾ ಮಂದಿರಗಳ ವಿಷಯದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹೊರಗಿನ ತಿಂಡಿ ಬೇಡ ಅನ್ನೋ ಹಕ್ಕು ಮಾಲೀಕರಿಗಿದೆ, ಆದರೆ ಕುಡಿಯೋ ನೀರು ಉಚಿತವಾಗಿ ಕೊಡಬೇಕು, ಪುಟ್ಟ ಮಗುವಿನ ಆಹಾರ ತಡೀಬಾರದು. ಅದು ಥಿಯೇಟರ್ ತೀರ್ಪು, ನಿಜ. ಆದರೂ ಖಾಲಿ ಬಾಟಲ್ ಒಳಗೆ ತಗೊಂಡು ಹೋಗಿ, ನಲ್ಲಿ ಎಲ್ಲಿದೆ ಅಂತ ನಾಚಿಕೆ ಬಿಟ್ಟು ಕೇಳಿ. ಚಿತ್ರಾನ್ನದ ಬುತ್ತಿ ಕಟ್ಕೊಂಡು ಬಂದು ಒಳಗೆ ಹೋಗೋ ಮುಂಚೆ ಹೊಟ್ಟೆ ತುಂಬ ತಿಂದುಬಿಡಿ. ಒಳಗಿನ ಒಂದು ಹೊತ್ತಿಗೆ 700 ಇಡಿ. ಸಂಜೆ ಹೊರಗೆ ಬಂದು ಬಿಡದಿ ತಟ್ಟೆ ಇಡ್ಲಿಗೆ 300. ಬಿಡದಿವರೆಗೂ ಹೋಗಿ ತಟ್ಟೆ ಇಡ್ಲಿ ತಿನ್ನದೆ ಬಂದ್ರೆ ನಾನೇ ಬೈತೀನಿ.

ಬಟ್ಟೆದು ಯಾರೂ ಮುಂಚೆ ಹೇಳಲ್ಲ, ಅಲ್ಲಿ ಹೋದ ಮೇಲೆ ಗೊತ್ತಾಗುತ್ತೆ. ಹತ್ತಿ ಬಟ್ಟೆ, ಜೀನ್ಸ್, ಸೀರೆ ಉಟ್ಕೊಂಡು ನೀರಿಗಿಳಿಯೋ ಹಾಗಿಲ್ಲ. ನೈಲಾನ್ ಥರದ್ದೇ ಆಗಬೇಕು. ಗೇಟಿನ ಹತ್ತಿರ ಕೊಂಡರೆ ಅಲ್ಲಿನ ರೇಟು. ನಿಮ್ಮೂರಿನ ಬಟ್ಟೆ ಅಂಗಡಿಯಲ್ಲೇ ಮೈ ಮುಚ್ಚೋ ಹಾಗೆ ಉದ್ದ ತೋಳಿಂದು, ಪ್ಯಾಂಟಿಂದು ಸಿಗುತ್ತೆ. 500 ಇಡಿ, ಉಳಿದದ್ದನ್ನ ಪಕ್ಕದ ಮನೆಯವರ ಹತ್ತಿರ ಕೇಳಿ ಇಸ್ಕೊಳ್ಳಿ.

ಕೂಡೋಣ. ದಾರಿ 900, ಟಿಕೆಟ್ 5,600, ಊಟ 700, ಇಡ್ಲಿ 300, ಬಟ್ಟೆ 500. ಸರಿಯಾಗಿ ಎಂಟು ಸಾವಿರ. ಕೈಯಲ್ಲಿ ಸೊನ್ನೆ. ಐಸ್‌ಕ್ರೀಮ್ ಇಲ್ಲ, ಸಾಮಾನಿಡೋ ಲಾಕರ್ ಇಲ್ಲ, ಬಸ್ ತಪ್ಪಿದ್ರೆ ಗತಿ ಇಲ್ಲ. ಆಗ ಯಾರ ಟಿಕೆಟ್ ಕತ್ತರಿಸ್ತೀವಿ? ಅಮ್ಮಂದು. ಸಾವಿರ ರೂಪಾಯಿ ಉಳೀತು. ಲೆಕ್ಕ ಸರಿಹೋಯ್ತು. ಅಮ್ಮನಿಗೆ ಹೇಗೂ ತಲೆ ಸುತ್ತುತ್ತಲ್ಲ?

ನನಗೆ ಹತ್ತು ವರ್ಷ ಇದ್ದಾಗ, 1999ರಲ್ಲಿ, ನಮ್ಮಪ್ಪ ನನ್ನನ್ನೂ ಅಕ್ಕನನ್ನೂ ಬೆಂಗಳೂರಿನ ಒಂದು ಪಾರ್ಕಿಗೆ ಕರ್ಕೊಂಡು ಹೋಗಿದ್ರು. ಅಪ್ಪ ಸಹಕಾರ ಸಂಘದಲ್ಲಿ ಗುಮಾಸ್ತರು. ಗೇಟಿನ ಮುಂದೆ ಬೋರ್ಡ್ ಓದಿದ್ರು, ಜೇಬಿನಲ್ಲಿದ್ದದ್ದನ್ನ ಎರಡು ಸಲ ಎಣಿಸಿದ್ರು, ಅಮ್ಮನ ಮುಖ ನೋಡಿದ್ರು. ಅಮ್ಮ ತಕ್ಷಣ ಅಂದ್ಲು, "ನೀವು ಹೋಗ್ಬನ್ನಿ, ನಂಗೆ ಅವೆಲ್ಲ ತಲೆ ಸುತ್ತುತ್ತೆ. ಬ್ಯಾಗ್ ನೋಡ್ಕೋತೀನಿ." ಹೊರಗೆ ಹೊಂಗೆ ಮರ ಇತ್ತು. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಅದರ ಕೆಳಗೆ ಕೂತಿದ್ಲು. ನಾವು ಹೊರಗೆ ಬಂದಾಗ ಮರದ ನೆರಳು ರಸ್ತೆ ದಾಟಿ ಹೋಗಿತ್ತು, ಅಮ್ಮ ಅದರ ಹಿಂದೆಯೇ ಬ್ಯಾಗ್ ಎಳ್ಕೊಂಡು ರಸ್ತೆಯಾಚೆ ಹೋಗಿ ಕೂತಿದ್ಲು. ವಾಪಸ್ ಬಸ್ಸಿನಲ್ಲಿ ಒಂದೊಂದನ್ನೂ ಕೇಳಿದ್ಲು. ನೀರು ಎಲ್ಲಿಂದ ಬರುತ್ತೆ? ಮೇಲೆ ಹೋದಾಗ ಏನು ಕಾಣುತ್ತೆ? ಅಕ್ಕ ಕಿರುಚಿದ್ಲಾ?

ನಮ್ಮಮ್ಮನಿಗೆ ತಲೆ ಸುತ್ತುತ್ತೆ ಅಂತ ನಾನು ಇಪ್ಪತ್ತು ವರ್ಷ ನಂಬಿದ್ದೆ. ಕೆಲಸ ಸಿಕ್ಕಿ, ಮದುವೆಯಾಗಿ, ಒಂದು ಸಲ ಎಲ್ಲರೂ ಪಾರ್ಕಿಗೆ ಹೋದ್ವಿ. ಬೆಂಚಿನಲ್ಲಿ ಕೂತಿರಲಿ ಅಂತ ಅಮ್ಮನಿಗೂ ಟಿಕೆಟ್ ತಗೊಂಡೆ. ತೂಗಾಡೋ ದೊಡ್ಡ ಹಡಗು ಇರುತ್ತಲ್ಲ, ಅದರ ಮುಂದೆ ನಿಂತಳು. ಸೆರಗು ಸಿಕ್ಕಿಸಿದ್ಲು, ಚಪ್ಪಲಿ ನನ್ನ ಕೈಗೆ ಕೊಟ್ಟಳು, ಹತ್ತಿಬಿಟ್ಟಳು. ಮೂರು ಸಲ. ನಾನು ಒಂದೇ ಸಲಕ್ಕೆ ಇಳಿದು ಕಂಬ ಹಿಡ್ಕೊಂಡು ನಿಂತಿದ್ದೆ. ಅವತ್ತು ತಲೆ ಸುತ್ತುತ್ತೆ ಅಂದಿದ್ದಲ್ಲಮ್ಮ ಅಂದೆ. "ಅವತ್ತು ಬೋರ್ಡಲ್ಲಿ ರೇಟು ನೋಡಿ ಸುತ್ತಿತ್ತು ಕಣೋ" ಅಂದ್ಲು.

ದುರ್ಗದ ಅಣ್ಣ, ಈಗ ನಿಮ್ಮ ಲೆಕ್ಕ. ಅಮ್ಮನ ಟಿಕೆಟ್ಟನ್ನ ಪಟ್ಟಿಯಲ್ಲಿ ಮೊದಲನೇ ಸಾಲಿಗೆ ಬರೀರಿ. ಉಳಿದದ್ದನ್ನ ಆಮೇಲೆ ಕತ್ತರಿಸೋಣ. ಅವರು ನೀರಿಗೆ ಇಳಿಯದಿದ್ರೆ ಬಟ್ಟೆ ಖರ್ಚೂ ಇಲ್ಲ, ಸೀರೆಯಲ್ಲೇ ಕೂರೋ ನಿಧಾನದ ರೈಡ್‌ಗಳಿರುತ್ತವೆ. ಬಿಪಿ, ಹೃದಯ, ಮಂಡಿ, ಏನಾದ್ರೂ ಇದ್ದರೆ ಡಾಕ್ಟರನ್ನ ಕೇಳಿಯೇ ಹೊರಡಿ, ಅದರಲ್ಲಿ ರಾಜಿ ಬೇಡ. ನಿಜವಾಗಿಯೂ ತಲೆ ಸುತ್ತೋದಾದ್ರೆ ಅವರೇ ಬೆಂಚಿನಲ್ಲಿ ಕೂರ್ತಾರೆ, ಆದರೆ ಗೇಟಿನ ಒಳಗಿನ ಬೆಂಚು.

ಈ ವಾರ ಹೋಗಬೇಡಿ. ಮೇ ತಿಂಗಳು ಜನವೂ ಜಾಸ್ತಿ, ರೇಟೂ ಜಾಸ್ತಿ. ಮೇ ಕೊನೆಗೆ ಶಾಲೆ ಶುರು. ಅದಾದ ಮೇಲೆ ಜೂನ್‌ನಲ್ಲಿ ಒಂದು ಮಂಗಳವಾರವೋ ಬುಧವಾರವೋ ಹೋಗಿ. ಟಿವಿಯಲ್ಲಿ ಕೂತು ಸ್ಕೂಲ್ ತಪ್ಪಿಸಿ ಅಂತಿದ್ದಾನೆ ಅಂತ ಶಿಕ್ಷಣ ಇಲಾಖೆಯವರು ಬೈಯ್ಕೊಳ್ಳಲಿ, ಒಂದು ದಿನ ತಾನೇ. ಟಿಕೆಟ್ ಆನ್‌ಲೈನ್‌ನಲ್ಲೇ ತಗೊಳ್ಳಿ, ಅದಕ್ಕೂ ಮುಂಚೆ ಫೋನ್ ಮಾಡಿ ಅವತ್ತಿನ ರೇಟು, ರಿಯಾಯಿತಿ, ಮುಚ್ಚಿರೋ ರೈಡು ಎಲ್ಲ ಕೇಳಿ. ಮಳೆಗಾಲ, ಗುಡುಗು ಸಿಡಿಲು ಬಂದ್ರೆ ರೈಡ್ ನಿಲ್ಲಿಸ್ತಾರೆ, ಆ ಅಪಾಯ ಇದೆ. ಆದರೂ ಐಸ್‌ಕ್ರೀಮ್ ದುಡ್ಡು ಅಲ್ಲೇ ಹುಟ್ಟುತ್ತೆ ಅಂತ ನನ್ನ ಅಂದಾಜು.

ಇನ್ನೊಂದು. ಮಗಳು 138 ಸೆಂಟಿಮೀಟರ್ ಅಂದ್ರಿ. ಅಳೆದಿದ್ದು ಯಾವಾಗ? ಹೊರಡೋ ಹಿಂದಿನ ದಿನ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಇನ್ನೊಂದು ಸಲ ಅಳೀರಿ. ರಜೆಯಲ್ಲಿ ಮಕ್ಕಳು ಬೆಳೀತಾರೆ.

ಈಗ ಒಂದು ಚಿಕ್ಕ ಬ್ರೇಕ್. ವಕ್ತಾರರು ಕಾಯ್ತಿದ್ದಾರೆ.