ಈಶ್ವರನ ಗುಣಗಳು: ತೋಮಾಸ್ ಅಕ್ವಿನಾಸನ ವಿಚಾರ



ನಾಲ್ವಡಿ ಕೃಷ್ಣರಾಜ ಒಡೆಯರವರು 1933ರಲ್ಲಿ ಅಸ್ತಿಭಾರವನ್ನಿಟ್ಟ ಸಂತ ಫಿಲೋಮಿನಾ ಕ್ರೈಸ್ತ ದೇವಾಲಯದ ಜೋಡಿ ಗೋಪುರಗಳನ್ನು ಕಾಣದವರು ಮೈಸೂರಿನಲ್ಲಿ ವಿರಳ. ಆ ಮತದ ತತ್ತ್ವವನ್ನು ಬಲ್ಲವರು ಇನ್ನೂ ವಿರಳ. ಅದರ ಮಧ್ಯಯುಗದ ಆಚಾರ್ಯರಲ್ಲಿ ಅಗ್ರಗಣ್ಯನು ಇಟಲಿ ದೇಶದ ತೋಮಾಸ್ ಅಕ್ವಿನಾಸನು. ಅವನು 1274ರಲ್ಲಿ ಕಾಲವಾದನು.

ದೇವರು ಸರ್ವಜ್ಞನೆಂದರೆ ದೇವರು ಬೇರೆ, ಆತನ ಜ್ಞಾನ ಬೇರೆ ಎಂದಾಗದೆ? ಹಾಗಾದರೆ ಆತನು ಅಂಶಗಳಿಂದ ಕೂಡಿದವನಾಗುವನು. ಕೂಡಿದುದಕ್ಕೆ ಕೂಡಿಸುವ ಕಾರಣವೊಂದು ಬೇಕಾಗುವುದು. ಆದುದರಿಂದ ಆತನ ಇರವು, ಅರಿವು, ಒಳ್ಳೆಯತನಗಳೆಲ್ಲ ವಸ್ತುತಃ ಒಂದೇ ಎಂದು ಅಕ್ವಿನಾಸನು ಸಾಧಿಸಿದನು.

ಹಾಗಿದ್ದರೆ ಸ್ತುತಿಯ ಮಾತುಗಳಿಗೆ ಅರ್ಥವೇನು? ದೇವರ ಸ್ವರೂಪವನ್ನು ಕುರಿತು ‘ಇಂಥದಲ್ಲ’ ಎಂದಷ್ಟೇ ಹೇಳಬಹುದೆಂದು 1204ರಲ್ಲಿ ಕಾಲವಾದ ಯೆಹೂದ್ಯ ಪಂಡಿತ ಮೈಮೋನಿಡೀಸನ ಮತ. ಅಕ್ವಿನಾಸನು ಇದನ್ನೊಪ್ಪಲಿಲ್ಲ. ಸ್ತುತಿಸುವ ಭಕ್ತನು ಬರಿಯ ನಿಷೇಧವನ್ನು ಹೇಳುತ್ತಿಲ್ಲವಷ್ಟೆ! ಮಾನವನಲ್ಲಿ ಅಲ್ಪವಾಗಿ ತೋರುವ ಒಳ್ಳೆಯತನವು ದೇವರಲ್ಲಿ ಪೂರ್ಣವಾಗಿ ಮೊದಲೇ ಉಂಟು. ಆ ಶಬ್ದವು ಸಾದೃಶ್ಯದಿಂದ ಆತನಿಗೆ ಸಲ್ಲುವುದು, ಏಕಾರ್ಥದಿಂದಲ್ಲ.

ಶಿವನೂ ಶಕ್ತಿಯೂ ಅಗ್ನಿ ಉಷ್ಣತೆಗಳಂತೆ ಅವಿನಾಭಾವದಿಂದಿರುವುದನ್ನು ಬಲ್ಲ ತಮಗೆ ಈ ವಿಚಾರವು ಹೊಸದೆನಿಸದು. ಆದರೂ ಎರಡನ್ನೂ ಒಂದೇ ಎನ್ನುವುದು ಆತುರದ ಮಾತು. ಶಕ್ತಿವಿಶಿಷ್ಟಾದ್ವೈತದಲ್ಲಿ ಶಕ್ತಿಯು ಶಿವನಿಗೆ ವಿಶೇಷಣ. ಅಕ್ವಿನಾಸನ ದೇವರಲ್ಲಿ ವಿಶೇಷಣಕ್ಕೆ ಎಡೆಯೇ ಇಲ್ಲ.